ಬೆಂಕಿ ಹತ್ರ ಹೋಗಿ ಕೂತ್ಕೋ ಪುಟ್ಟಾ

ಪುಟ್ಟಾ,

ನಿನ್ನೆ ನಿಮ್ಮಮ್ಮ ಫೋನ್ ಮಾಡಿ ಅತ್ಲು ಕಣೋ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ನಾಲ್ಕು ಗಂಟೆಗೆಲ್ಲಾ ಕತ್ತಲಾಗತ್ತಂತೆ, ಇವನು ರೂಮಲ್ಲಿ ಹೀಟರ್ ಮುಂದೆ ಒಬ್ಬನೇ ಕೂತು ಮ್ಯಾಗಿ ತಿಂತಾನಂತೆ ಅಂತ. ನಾನೂ ಅದೇ ಊರಲ್ಲಿ ಮೂರು ಚಳಿಗಾಲ ಕಳೆದೋನು, ಅದಕ್ಕೇ ಬರೀತಿದೀನಿ. ಶನಿವಾರ ಆಚೆ ಬಿದ್ದು ಹಳ್ಳಿ ಕಡೆ ಹೋಗು, ಬೆಂಕಿ ಹಾಕಿರೋ ಒಂದು ಪಬ್ ನೋಡ್ಕೊಂಡು ಕೂತ್ಕೋ. ಕಾರ್ಲೈಲ್ ಕಡೆ ಹೋಗೋ ಟ್ರೈನ್ ಹತ್ತಿ ರಿಬಲ್‌ಹೆಡ್‌ನಲ್ಲಿ ಇಳಿದ್ರೆ 24 ಕಮಾನಿನ ದೊಡ್ಡ ಸೇತುವೆ ಇದೆ, ಅದರ ಕೆಳಗೆ ಒಂದೆರಡು ಗಂಟೆ ನಡೆದು ಬಾ, ಸ್ಟೇಷನ್ ಹತ್ರಾನೇ ಪಬ್ಬೂ ಇದೆ. ವಾಪಸ್ ಟ್ರೈನ್ ಟೈಮ್ ಮಾತ್ರ ಮೊದಲೇ ನೋಡ್ಕೋ, ಅಲ್ಲಿ ಗಾಡಿಗಳು ಕಮ್ಮಿ.

ಪಬ್ ಅಂದ್ರೆ ಬ್ರಿಗೇಡ್ ರೋಡಿಂದಲ್ಲ ಮತ್ತೆ. ಪಬ್ಲಿಕ್ ಹೌಸ್ ಅನ್ನೋದೇ ಪಬ್ ಆಗಿರೋದು, ನಮ್ಮೂರ ಜಗಲಿ ಇದ್ದ ಹಾಗೆ, ಅಜ್ಜ ಅಜ್ಜಿ ಮಕ್ಕಳು ನಾಯಿ ಎಲ್ಲಾ ಇರ್ತಾವೆ. ನಾನಿದ್ದಾಗ ಒಳಗೇ ಸಿಗರೇಟು ಸೇದೋರು, ಸ್ವೆಟರೆಲ್ಲಾ ನಾರ್ತಿತ್ತು, 2007ರ ಜುಲೈಯಿಂದ ಅದೂ ಬಂದ್ ಆಗಿದೆ.

ಮೊದಲನೇ ಸಲ ನಾನು ಹೋದಾಗ ಮೂಲೆ ಟೇಬಲ್ಲಲ್ಲಿ ಅರ್ಧ ಗಂಟೆ ಕೂತೆ, ಯಾರೂ ಬಂದು ಏನು ಬೇಕು ಅಂತ ಕೇಳಲೇ ಇಲ್ಲ. ನನ್ನ ಬಣ್ಣ ನೋಡಿ ಹೀಗೆ ಮಾಡ್ತಿದಾರೆ ಅಂದ್ಕೊಂಡು ಎದ್ದು ಹೊರಟಿದ್ದೆ, ಒಬ್ರು ಮುದುಕರು ಕೈ ಹಿಡಿದು ಕೌಂಟರ್ ಹತ್ರ ಕರ್ಕೊಂಡ್ ಹೋದ್ರು, ಇಲ್ಲಿ ನಾವೇ ಬಂದು ಕೇಳ್ಬೇಕಪ್ಪಾ ಅಂದ್ರು, ಆಮೇಲೆ ಬೆಂಕಿ ಮುಂದಿನ ಬೆಂಚಲ್ಲಿ ತಮ್ಮ ನಾಯೀನ ಆಚೆ ಸರಿಸಿ ನನಗೆ ಜಾಗ ಮಾಡಿಕೊಟ್ರು. ನನ್ನ ಒದ್ದೆ ಪ್ಯಾಂಟಿನ ಮೊಣಕಾಲಿಂದ ಹಬೆ ಏಳ್ತಿತ್ತು. ಒಂದು ದಪ್ಪ ಕೊರಡು ಒಳಗೊಳಗೇ ಕೆಂಪಗಾಗಿ ಚಟ್ ಅಂತ ಬಿರಿದು ಕೆಂಡ ಬೂದಿ ಮೇಲೆ ಉದುರ್ತು, ಆ ವಾಸನೆಗೆ ನಮ್ಮಜ್ಜಿ ಬಚ್ಚಲ ಒಲೆಗೆ ತೆಂಗಿನ ಮಟ್ಟೆ ತುರುಕ್ತಿದ್ದಿದ್ದು ನೆನಪಾಗಿ ಕಣ್ಣಲ್ಲಿ ನೀರು ಬಂತು. ಊರು ಬಿಟ್ಟ ಮೇಲೆ ಅವತ್ತೇ ನನಗೆ ಮೈ ಬೆಚ್ಚಗಾಗಿದ್ದು.

ಕುಡೀಲೇಬೇಕು ಅಂತೇನಿಲ್ಲ, ಲೈಮ್ ಸೋಡಾ ತಗೋ, ಯಾರೂ ಏನೂ ಅನ್ನಲ್ಲ. ಬಿಯರ್ ಕುಡೀತೀನಿ ಅಂದ್ರೆ ಹಾಫ್ ಪೈಂಟ್ ಸಾಕು, ಪೂರ್ತಿ ಪೈಂಟ್ ಅಂದ್ರೆ 568 ಎಂಎಲ್, ಖಾಲಿ ಹೊಟ್ಟೇಲಿ ಬೇಡ. ಯಾರಾದ್ರೂ ನಿನಗೆ ಒಂದು ಕೊಡಿಸಿದ್ರೆ ಮುಂದಿನ ಸರದಿ ನಿಂದು, ಅದನ್ನ ಮರೀಬೇಡ, ಅಲ್ಲಿ ಅದು ಬಹಳ ಮುಖ್ಯ. ಚಿಪ್ಸ್ ತಗೊಳ್ಳೋ ಮುಂಚೆ ಯಾವುದರಲ್ಲಿ ಕರೀತೀರಾ ಅಂತ ಕೇಳು, ನೀನಿರೋ ಯಾರ್ಕ್‌ಶೈರ್ ಸೀಮೇಲಿ ಎಷ್ಟೋ ಕಡೆ ದನದ ಕೊಬ್ಬಲ್ಲಿ ಕರೀತಾರೆ. ಕೆಸರು ಬೂಟು ಬಾಗಿಲಲ್ಲೇ ಬಿಡು. ಕೇಳದೆ ಬೆಂಕಿಗೆ ಸೌದೆ ಹಾಕ್ಬೇಡ. ಮೈ ಕಾದ್ಮೇಲೆ ಆ ಜಾಗಾನ ಹೊಸದಾಗಿ ಬಂದೋರಿಗೆ ಬಿಟ್ಕೊಡು.

ಹವಾಮಾನ ಕೆಟ್ಟಿದ್ರೆ ಮಾತ್ರ ಹೋಗ್ಲೇಬೇಡ. ಟಾನ್ ಹಿಲ್ ಅಂತ 1732 ಅಡಿ ಎತ್ತರದಲ್ಲಿ ಒಂದು ಪಬ್ ಇದೆ, ಬ್ರಿಟನ್ನಿಗೇ ಎತ್ತರದ್ದು, 2021ರ ನವೆಂಬರಲ್ಲಿ ಹಿಮ ಬಿದ್ದು ಸುಮಾರು 60 ಜನ ಮೂರು ರಾತ್ರಿ ಅಲ್ಲೇ ಸಿಕ್ಕಾಕೊಂಡಿದ್ರು. ಹೋಗೋವಾಗ ಪರಿಚಯ ಇಲ್ಲದೋರು, ವಾಪಸ್ ಬರೋವಾಗ ಒಬ್ರಿಗೊಬ್ರು ಬಿಡಕ್ಕಾಗದಷ್ಟು ಹತ್ರ ಆಗಿದ್ರಂತೆ. ಓದಿದಾಗ ನನಗೆ ಆಶ್ಚರ್ಯ ಆಗ್ಲಿಲ್ಲ.

ಬ್ಯಾಗಲ್ಲಿ ಒಂದು ಜೊತೆ ಒಣ ಸಾಕ್ಸ್ ಇಟ್ಕೋ. ಆ ಗುಡ್ಡದ ಕಡೆ ಸಿಗ್ನಲ್ ಸರಿಯಾಗಿ ಸಿಗಲ್ಲ, ಅದಕ್ಕೇ ಟ್ರೈನಲ್ಲಿರೋವಾಗ್ಲೇ ನಿಮ್ಮಮ್ಮಂಗೆ ಫೋನ್ ಮಾಡ್ಬಿಡು. ನಿಂಗೆ ನಾಲ್ಕಾದ್ರೆ ಇಲ್ಲಿ ಒಂಬತ್ತೂವರೆ, ಅವಳು ಕಾಯ್ತಾ ಕೂತಿರ್ತಾಳೆ.

ನಿನ್ನ ಮಾವ