ನೇಪಾಳ ಕೇಳಿದರೆ ಭೂತಾನ್ ಕೊಟ್ಟಿದ್ದೀರಿ

ಇವರಿಗೆ: ಬ್ರಾಂಚ್ ಮ್ಯಾನೇಜರ್, ವಾಹನ ವಿಮೆ
ವಿಷಯ: ಕಾರಿನ ಪಾಲಿಸಿಗೆ ತಪ್ಪು ದೇಶ ಸೇರಿಸಿರುವುದು

ಮ್ಯಾನೇಜರ್ ಸಾಹೇಬರೆ, ಶರಣು.

ದಸರಾ ರಜೆಗೆ ಬೀದರಿನಿಂದ ನಮ್ಮ ಕಾರಿನಲ್ಲೇ ಮನೆಮಂದಿಯೆಲ್ಲ ನೇಪಾಳಕ್ಕೆ ಹೊರಟಿದ್ದೇವೆ. ನಾಂದೇಡ, ನಾಗಪುರ, ಜಬಲ್‌ಪುರ ಹಿಡಿದು ಗೋರಖ್‌ಪುರ, ಅಲ್ಲಿಂದ ಸುನೌಲಿ ಗಡಿ ದಾಟಿ ಪೋಖರಾ, ಆಮೇಲೆ ಪಶುಪತಿನಾಥ. ನಿಮ್ಮ ಪಾಲಿಸಿ ಭಾರತದೊಳಗೆ ಮಾತ್ರ ನಡೆಯುತ್ತದೆ ಅಂತ ಗೊತ್ತಿದ್ದೇ, ನೇಪಾಳ ಸೇರಿಸಿಕೊಡಿ ಎಂದು ಮೊದಲೇ ಬ್ರಾಂಚಿಗೆ ಬಂದು ಅರ್ಜಿ ಕೊಟ್ಟೆ.

ಕೌಂಟರಿನಲ್ಲಿ ಇದ್ದವರಿಗೆ ಇಂಥದ್ದೊಂದು ಇದೆ ಅನ್ನೋದೇ ಗೊತ್ತಿರಲಿಲ್ಲ. "ನಿಮ್ದು ಜೀರೋ ಡೆಪ್ ಅಲ್ವಾ ಸರ್, ಫುಲ್ ಇನ್ಶೂರೆನ್ಸ್, ಎಲ್ಲಿ ಬೇಕಾದ್ರೂ ಹೋಗಿ" ಅಂದರು. ಜೀರೋ ಡೆಪ್ ಅಂದರೆ ಬಿಡಿಭಾಗಗಳ ಸವಕಳಿ ಹಿಡಿದುಕೊಳ್ಳದೆ ಕ್ಲೇಮ್ ಕೊಡುವುದು. ಅದಕ್ಕೂ ದೇಶದ ಗಡಿಗೂ ಏನು ಸಂಬಂಧ? ಇನ್ನೊಬ್ಬರು ಟ್ರಾವೆಲ್ ಇನ್ಶೂರೆನ್ಸ್ ಮಾರಲು ನೋಡಿದರು. ಅದು ಮನುಷ್ಯರಿಗೆ, ಕಾರಿಗಲ್ಲ. ಕೊನೆಗೆ ನಾನೇ ಮೊಬೈಲ್‌ನಲ್ಲಿ 2002ರ ಇಂಡಿಯಾ ಮೋಟಾರ್ ಟ್ಯಾರಿಫ್ (ವಾಹನ ವಿಮೆಯ ದರ, ನಿಯಮಗಳ ಪುಸ್ತಕ) ತೆಗೆದು ತೋರಿಸಬೇಕಾಯಿತು. ನೇಪಾಳ, ಭೂತಾನ್, ಬಾಂಗ್ಲಾದೇಶ, ಪಾಕಿಸ್ತಾನ, ಶ್ರೀಲಂಕಾ, ಮಾಲ್ಡೀವ್ಸ್ ಎಲ್ಲವೂ ಅದರಲ್ಲಿವೆ, ಪ್ಯಾಕೇಜ್ ಪಾಲಿಸಿಗೆ (ನಮ್ಮ ಗಾಡಿಯ ಹಾನಿ, ಬೇರೆಯವರಿಗಾದ ಹಾನಿ ಎರಡೂ ಸೇರಿದ ವಿಮೆ) 500 ರೂಪಾಯಿ ಜಾಸ್ತಿ ಕಟ್ಟಿದರೆ ಸಾಕು. (ಮಾಲ್ಡೀವ್ಸ್‌ಗೆ ಕಾರು ಒಯ್ಯುವ ಪುಣ್ಯಾತ್ಮ ಯಾರೋ! ಹಡಗಿನಲ್ಲಿ ಗಾಡಿಗೆ ಏನಾದರೂ ಆದರೆ ಅದೂ ಇದರಲ್ಲಿ ಬರುವುದಿಲ್ಲ.)

ಜಿಎಸ್‌ಟಿ ಸೇರಿ 590 ರೂಪಾಯಿ ಕಟ್ಟಿದೆ. ಇಮೇಲ್‌ನಲ್ಲಿ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಯಲ್ಲಿ ಮಾಡಿದ ಬದಲಾವಣೆಯ ಪತ್ರ, ಬಂತು. ಗಾಡಿ ನಂಬರ್ ಸರಿ, ಚಾಸಿ ನಂಬರ್ ಸರಿ, ದೇಶದ ಜಾಗದಲ್ಲಿ ಮಾತ್ರ "ಇಂಡಿಯಾ, ಭೂತಾನ್"! ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ, ಸಿಸ್ಟಮ್‌ನಲ್ಲಿ ಹಾಗೇ ಇದೆ, ಬದಲಿಸಬೇಕಾದರೆ ಮತ್ತೆ 590 ಕಟ್ಟಿ ಅನ್ನುತ್ತಾರೆ. ನಿಮ್ಮ ಸೀಲ್ ಬಿದ್ದಿರುವ ನನ್ನ ಅರ್ಜಿಯಲ್ಲಿ ನೇಪಾಳ ಅಂತ ದಪ್ಪ ಅಕ್ಷರದಲ್ಲಿದೆ. ತಪ್ಪು ನಿಮ್ಮದು, ದಂಡ ನನಗಾ?

ಉಳಿದದ್ದೆಲ್ಲ ತಯಾರಿದೆ. ನೌಬಾದಿನ ಗ್ಯಾರೇಜಿನಲ್ಲಿ ಬ್ರೇಕ್ ಪ್ಯಾಡ್, ಟೈರ್ ಹೊಸದು ಹಾಕಿಸಿದ್ದೇನೆ, ಸಾಲ ಇರುವುದರಿಂದ ಬ್ಯಾಂಕಿನ ಎನ್‌ಒಸಿ ತಂದಿದ್ದೇನೆ, ಗಡಿಯಲ್ಲಿ ಭನ್ಸಾರ್ (ನೇಪಾಳದ ಕಸ್ಟಮ್ಸ್ ಶುಲ್ಕ) ಕಟ್ಟುತ್ತೇನೆ. ನಿಂತಿರುವುದು ನಿಮ್ಮ ಒಂದು ಹಾಳೆಯಿಂದ. ಬುಟ್ವಲ್ ದಾಟಿದ ಮೇಲೆ ಪೋಖರಾವರೆಗೆ ಘಾಟಿ ರಸ್ತೆ. ಅಲ್ಲಿ ಯಾವುದೋ ತಿರುವಿನಲ್ಲಿ ಲಾರಿ ಉಜ್ಜಿಕೊಂಡು ಹೋದರೆ, ಇದೇ ಸಾಲಿಗೆ ಬೆರಳಿಟ್ಟು ಕ್ಲೇಮ್ ತಿರಸ್ಕರಿಸುವವರೂ ನೀವೇ ಅಲ್ವಾ?

ಹಾಗಾಗಿ ಹಣ ಕೇಳದೆ ನೇಪಾಳ ಎಂದು ತಿದ್ದಿದ ಎಂಡಾರ್ಸ್‌ಮೆಂಟ್ ಕೊಡಿ. ಇಮೇಲ್ ಜೊತೆಗೆ ಸಹಿ, ಸೀಲ್ ಇರುವ ಕಾಗದವೂ ಬೇಕು. ಅಪಘಾತವಾದರೆ ನೇಪಾಳದಿಂದ ಹತ್ತುವ ಫೋನ್ ನಂಬರನ್ನೂ ಬರೆದುಕೊಡಿ, ನಿಮ್ಮ 1800 ನಂಬರ್ ನಂಬಿಕೊಂಡು ಹೊರದೇಶಕ್ಕೆ ಹೋಗಲು ಆಗುವುದಿಲ್ಲ. ಈ ವಾರದಲ್ಲಿ ಆಗದಿದ್ದರೆ ವಿಮಾ ನಿಯಂತ್ರಣ ಪ್ರಾಧಿಕಾರದ ದೂರು ಪೋರ್ಟಲ್ ಬಿಮಾ ಭರೋಸಾದಲ್ಲಿ ದೂರು ಹಾಕುತ್ತೇನೆ, ಅಲ್ಲಿಗೂ ಬಗ್ಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಇದ್ದಾರೆ.

ಇಂತಿ,
ನಿಮ್ಮ ಪಾಲಿಸಿದಾರ, ಬೀದರ್

ಜೊತೆಗೆ: 590 ರೂಪಾಯಿ ರಸೀದಿ, ಸೀಲ್ ಇರುವ ಅರ್ಜಿಯ ಪ್ರತಿ, ನಿಮ್ಮ ಭೂತಾನ್ ಎಂಡಾರ್ಸ್‌ಮೆಂಟ್