ಉಪ್ಪಿನಕಾಯಿಯದಲ್ಲ ತಪ್ಪು

ಪರ್ತ್, ಆಸ್ಟ್ರೇಲಿಯಾ

ಅಮ್ಮಾ,

ಫೋನಿನಲ್ಲಿ ಅರ್ಧ ಹೇಳಿ ಇಟ್ಟುಬಿಟ್ಟೆ. ನೀನು ಗಾಬರಿ ಆಗಿರುತ್ತೀಯ ಅಂತ ಈ ಕಾಗದ.

ನನ್ನ ಹೊಟ್ಟೆ ಉರಿಗೆ ನಿನ್ನ ಮಿಡಿ ಉಪ್ಪಿನಕಾಯಿ ಕಾರಣ ಅಲ್ಲ. ಇಲ್ಲಿ ಒಂದು ಗುಳಿಗೆ ನುಂಗಿಸಿ, ಚೀಲಕ್ಕೆ ಉಸಿರು ಊದಿಸಿದರು. ಹೆಲಿಕೋಬ್ಯಾಕ್ಟರ್ ಪೈಲೊರಿ ಅನ್ನುವ ಬ್ಯಾಕ್ಟೀರಿಯಾ ಜಠರದಲ್ಲಿ ಕೂತಿದೆಯಂತೆ. ಇದು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಅಂಟುತ್ತದೆ. ಅಂದರೆ ಊರಿನಿಂದಲೇ ನನ್ನ ಜೊತೆ ವಿಮಾನ ಹತ್ತಿರಬೇಕು! ತಮಾಷೆ ಏನು ಗೊತ್ತಾ? ಇದನ್ನು ಪತ್ತೆ ಮಾಡಿದ್ದು ಇದೇ ಪರ್ತ್‌ನಲ್ಲಿ. ಹೊಟ್ಟೆ ಕೆಡಲು ಇದೇ ಕಾರಣ ಅಂದರೆ ಯಾರೂ ನಂಬದಿದ್ದಾಗ ಬ್ಯಾರಿ ಮಾರ್ಷಲ್ ಅನ್ನುವ ಡಾಕ್ಟರು 1984ರಲ್ಲಿ ತಾವೇ ಅದನ್ನು ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಅವರಿಗೂ ಜೊತೆಗಾರ ರಾಬಿನ್ ವಾರನ್ ಅವರಿಗೂ ನೊಬೆಲ್ ಬಂತು.

ನೀನು ಹರಳೆಣ್ಣೆ ಕುಡಿ, ಹುಳದ ಮಾತ್ರೆ ತಗೋ ಅಂದೆ. ಇದು ಅದಕ್ಕೆಲ್ಲ ಜಗ್ಗುವುದಿಲ್ಲ. ಆದರೆ ಹುಳಕ್ಕೂ ಇದಕ್ಕೂ ಒಂದು ವಿಚಿತ್ರ ನಂಟಿದೆ, ಓದಿ ನಾನೇ ಬೆರಗಾದೆ. ಕೊಲಂಬಿಯಾದಲ್ಲಿ ಟುಮಾಕೊ ಕಡಲ ಊರು, ಪಾಸ್ಟೊ ಬೆಟ್ಟದ ಊರು. ಎರಡು ಕಡೆಯೂ ಈ ಬ್ಯಾಕ್ಟೀರಿಯಾ ಜಾಸ್ತಿ. ಜಠರದ ಕ್ಯಾನ್ಸರ್ ಮಾತ್ರ ಬೆಟ್ಟದ ಕಡೆ ಹೆಚ್ಚು. ಕಡಲ ಕಡೆಯ ಮಕ್ಕಳ ಹೊಟ್ಟೆಯಲ್ಲಿ ಹುಳ ಹೆಚ್ಚು. ಅದೂ ಒಂದು ಕಾರಣ ಇರಬಹುದು ಅಂತ ಗುಮಾನಿ. ಅಮೆರಿಕದಲ್ಲಿ ಇಲಿಗಳಿಗೆ ಇದರ ಹತ್ತಿರದ ನೆಂಟ ಬ್ಯಾಕ್ಟೀರಿಯಾವನ್ನೂ ಹುಳವನ್ನೂ ಒಟ್ಟಿಗೆ ಅಂಟಿಸಿ ನೋಡಿದಾಗ, 2000ದಲ್ಲಿ, ಬ್ಯಾಕ್ಟೀರಿಯಾ ಕಡಿಮೆ ಆಗಲಿಲ್ಲ, ಜಠರದ ಗೋಡೆ ಸವೆಯುವುದು ಕಡಿಮೆ ಆಯಿತು. ಬ್ಯಾಕ್ಟೀರಿಯಾ ಮೇಲೆ ನಮ್ಮ ಮೈ ತೋರಿಸುವ ಸಿಟ್ಟೇ ಗೋಡೆಯನ್ನು ಹೆಚ್ಚು ಹಾಳು ಮಾಡುವುದು. ಹುಳ ಇದ್ದರೆ ಆ ಸಿಟ್ಟಿನ ದಾರಿ ಬದಲಾಗುತ್ತದೆ.

ಇದನ್ನು ಅಪ್ಪನಿಗೆ ಓದಿ ಹೇಳಬೇಡ. "ಹಾಗಾದರೆ ಹುಳ ಇರಲಿ ಬಿಡು" ಅಂದಾರು. ಕೊಕ್ಕೆಹುಳ ಕರುಳಲ್ಲಿ ಕಚ್ಚಿಕೊಂಡು ರಕ್ತ ಕುಡಿಯುತ್ತದೆ. ಅದರ ಮರಿ ಬರಿಗಾಲಿನ ಚರ್ಮದಿಂದಲೇ ಒಳಗೆ ಬರುತ್ತದೆ. ನೀವಿಬ್ಬರೂ ತೋಟಕ್ಕೆ ಇನ್ನೂ ಬರಿಗಾಲಲ್ಲೇ ಹೋಗುತ್ತೀರಿ, ಅಲ್ವಾ? ಬೂಟಿಗೆ ದುಡ್ಡು ಹಾಕಿದ್ದೇನೆ, ಅದರಲ್ಲಿ ಗೊಬ್ಬರ ತರಬೇಡಿ. ಫೆಬ್ರವರಿ 10ಕ್ಕೆ ಪುಟ್ಟಿಯ ಶಾಲೆಯಲ್ಲಿ ಹುಳದ ಮಾತ್ರೆ ಆಲ್ಬೆಂಡಜೋಲ್ ಕೊಡುತ್ತಾರೆ, ತಪ್ಪಿಸಬೇಡ. ಅಪ್ಪ ವರ್ಷಗಟ್ಟಲೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿಯುತ್ತಿದ್ದಾರಲ್ಲ, ಅವರನ್ನೂ ಒಮ್ಮೆ ಡಾಕ್ಟರಿಗೆ ತೋರಿಸು.

ನನಗೆ 14 ದಿನ ಮಾತ್ರೆ. ಬಾಯೆಲ್ಲ ಕಹಿ, ತಾಮ್ರದ ಚೊಂಬು ನೆಕ್ಕಿದ ಹಾಗೆ. ಇನ್ನು ಒಂಬತ್ತು ದಿನ ಬಾಕಿ. ಮಿಡಿ ಡಬ್ಬವನ್ನು ಫ್ರಿಜ್ಜಿನ ಮೂಲೆಗೆ ತಳ್ಳಿದ್ದೇನೆ, ಬಿಸಾಕಿಲ್ಲ.

ನಿನ್ನ ಮಗ