ಶುಗರ್ ಇಳಿದಾಗ ಏನು ಮಾಡಬೇಕು ಅನ್ನೋದನ್ನೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ಮುಂಬೈಯ ನಮ್ಮ ಸಂಘಗಳು ಸಕ್ಕರೆ ಕಾಯಿಲೆಯ ತಪಾಸಣೆ ಶಿಬಿರ ಮಾಡುತ್ತವೆ, ಪತ್ರಿಕೆಗಳಲ್ಲಿ ಫೋಟೋ ಸಮೇತ ಸುದ್ದಿಯೂ ಬರುತ್ತದೆ. ಒಳ್ಳೆಯ ಕೆಲಸ. ಆದರೆ ಎಲ್ಲ ಕಡೆ ಶುಗರ್ ಏರುವುದರ ಮಾತೇ ಜಾಸ್ತಿ. ಇಳಿದರೆ ಏನು ಗತಿ ಅಂತ ಹೇಳುವವರು ಕಡಿಮೆ.

ಹೊಟ್ಟೆಯೊಳಗಿನ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಅಂದ ಕೂಡಲೇ ನಮಗೆ ಇನ್ಸುಲಿನ್ ಒಂದೇ ನೆನಪಾಗುತ್ತದೆ, ಅಲ್ವಾ? 1869ರಲ್ಲಿ ಜರ್ಮನಿಯ ಪೌಲ್ ಲ್ಯಾಂಗರ್‌ಹ್ಯಾನ್ಸ್ ಅದರಲ್ಲಿ ಗುರುತಿಸಿದ ಪುಟ್ಟ ಕೋಶಗಳ ಗುಂಪಿನಲ್ಲಿ ಬೀಟಾ ಕೋಶಗಳು ಸಕ್ಕರೆ ಇಳಿಸುವ ಇನ್ಸುಲಿನ್ ಕೊಟ್ಟರೆ, ಪಕ್ಕದ ಆಲ್ಫಾ ಕೋಶಗಳು ಗ್ಲುಕಗಾನ್ ಕೊಡುತ್ತವೆ. ಊಟ ತಡವಾಗಿ ರಕ್ತದಲ್ಲಿ ಸಕ್ಕರೆ ಇಳಿದರೆ ಈ ಗ್ಲುಕಗಾನ್, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆಯನ್ನು ಹೊರಗೆ ಬಿಡಿಸುತ್ತದೆ, ಅದೇ ಹೊತ್ತಿಗೆ ಇನ್ಸುಲಿನ್ ತಾನಾಗಿ ತಗ್ಗುತ್ತದೆ. ಆದರೆ ಚುಚ್ಚಿಕೊಂಡ ಇನ್ಸುಲಿನ್‌ಗೆ ಊಟ ತಡ ಆಯ್ತು ಅಂತ ಗೊತ್ತಾಗುವುದಿಲ್ಲ, ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಬೀಟಾ ಕೋಶಗಳಿಂದ ಇನ್ಸುಲಿನ್ ಹೊರಡಿಸುವ ಗ್ಲಿಮೆಪಿರೈಡ್‌ನಂಥ ಮಾತ್ರೆಯಲ್ಲೂ ಇದೇ ಅಪಾಯ. ಟೈಪ್ 1 (ದೇಹದಲ್ಲಿ ಇನ್ಸುಲಿನ್ ಹೆಚ್ಚುಕಡಿಮೆ ತಯಾರಾಗದ ಬಗೆಯ ಸಕ್ಕರೆ ಕಾಯಿಲೆ) ಇರುವವರಿಗೆ ಕೆಲವು ವರ್ಷಗಳಾದ ಮೇಲೆ ಹೀಗೆ ಇಳಿದಾಗ ಗ್ಲುಕಗಾನ್ ಕೂಡ ಸರಿಯಾಗಿ ಕೈ ಹಿಡಿಯುವುದಿಲ್ಲ.

ಈಗ ನಮ್ಮ ಜನರ ದಿನಚರಿ ನೋಡಿ. ಹೋಟೆಲಿನಲ್ಲಿ ದುಡಿಯುವವರು ಬೆಳಿಗ್ಗೆ ಮಾತ್ರೆ ನುಂಗಿ, ಗಿರಾಕಿಗಳ ರಶ್ ಮುಗಿಯುವ ತನಕ ಹೊಟ್ಟೆಗೆ ಏನೂ ಹಾಕದೆ ಓಡಾಡುತ್ತಾರೆ. ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ನಿಂತೇ ಹೋಗುವವರು ಲೋಕಲ್ ರೈಲು ನಡುದಾರಿಯಲ್ಲಿ ನಿಂತುಬಿಟ್ಟರೆ ಏನು ಮಾಡಬೇಕು? ಶುಗರ್ ಇಳಿದರೆ ಬೆವರು, ಕೈ ನಡುಕ, ತೊದಲು ಮಾತು. ನೋಡಿದವರು ಕುಡಿದಿದ್ದಾನೆ ಅಂದುಕೊಂಡು ದೂರ ಸರಿಯುತ್ತಾರೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಶುಗರ್ 70ಕ್ಕಿಂತ ಕೆಳಗೆ ಇಳಿದರೆ 15 ಗ್ರಾಂ ಗ್ಲೂಕೋಸ್, ಅಂದರೆ ಸುಮಾರು ಮೂರು ಟೀ ಚಮಚ ಪುಡಿ, ನೀರಲ್ಲಿ ಕಲಸಿ ಕುಡಿಸಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಆದರೆ ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, ಉಸಿರಿಗೆ ಸಿಕ್ಕಿಕೊಳ್ಳುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಇಂಥ ಹೊತ್ತಿಗೆ ಅಂತಲೇ ಗ್ಲುಕಗಾನ್ ಇಂಜೆಕ್ಷನ್ ಇದೆ, ಮನೆಯಲ್ಲಿ ಇಟ್ಟುಕೊಳ್ಳಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ಹೋಟೆಲ್ ಮಾಲೀಕರು ಗಲ್ಲಾ ಪಕ್ಕ ಒಂದು ಗ್ಲೂಕೋಸ್ ಡಬ್ಬಿ ಇಡಲಿ, ಕೆಲಸದವರಿಗೆ ಹೊತ್ತಿಗೆ ಸರಿಯಾಗಿ ಊಟಕ್ಕೆ ಬಿಡಲಿ. ಸಂಘದವರು ಮುಂದಿನ ಶಿಬಿರದಲ್ಲಿ ಸುಮ್ನೆ ರಕ್ತ ಪರೀಕ್ಷೆ ಮಾಡಿ ಕಳಿಸದೆ ಇದನ್ನೂ ಹೇಳಿಕೊಡಲಿ. ನೀವೂ ಒಬ್ಬ ತಜ್ಞ ವೈದ್ಯರಿಂದ ಇದರ ಬಗ್ಗೆ ಬರೆಸಿ ಅಂತ ಕೇಳಿಕೊಳ್ಳುತ್ತೇನೆ.

– ಒಬ್ಬ ಓದುಗ, ಡೊಂಬಿವಲಿ